ರಾತ್ರಿಗೊಂದು ಊರು

ಪ್ಯಾರಿಸ್‌ನಿಂದ ಮೊಂಪೆಲಿಯೆಗೆ ರೈಲಿನಲ್ಲಿ ಹೋದರೆ ಮೂರೂವರೆ ಗಂಟೆ. ಕಾರಿನಲ್ಲಿ ಹೆದ್ದಾರಿ ಹಿಡಿದು, ಗಂಟೆಗೆ 130 ಕಿಲೋಮೀಟರಿನ ಮಿತಿ ದಾಟದೆ ಹೋದರೂ ಬೆಳಗಿನ ತಿಂಡಿ ಮುಗಿಸಿ ಹೊರಟವರು ಸಂಜೆಯ ಕಾಫಿಗೆ ಮುಟ್ಟಬಹುದು. ಇಷ್ಟು ದಾರಿಯನ್ನು ಹಲವು ದಿನಗಳಿಗೆ ಹಿಗ್ಗಿಸಬೇಕೆಂದರೆ ಒಂದೋ ಸೋಮಾರಿತನ ಬೇಕು, ಇಲ್ಲವೇ ನಿವೃತ್ತಿಯಾಗಿರಬೇಕು. ನಮ್ಮ ಗುಂಪಿನಲ್ಲಿ ಎರಡಕ್ಕೂ ಕೊರತೆಯಿರಲಿಲ್ಲ. ಮಗಳು ಮೊಂಪೆಲಿಯೆಯಲ್ಲಿ ಓದುತ್ತಿದ್ದಾಳೆ. ಅವಳನ್ನು ನೋಡಲು ಹೊರಟವರು ನಾನು, ನನ್ನ ಹೆಂಡತಿ, ಮತ್ತು “ಡ್ರೈವಿಂಗಿಗೆ ಇನ್ನೊಬ್ಬ ಬೇಕಲ್ಲ ಭಾವ” ಎಂದು ತಾನೇ ಸೇರಿಕೊಂಡ ಭಾವಮೈದುನ. ಮಗಳು ಫೋನಿನಲ್ಲಿ ಕೇಳಿದ್ದು ಒಂದೇ ಮಾತು: “ರೈಲಿನಲ್ಲಿ ಬಂದರೆ ಏನಾಗುತ್ತೆ?”

ನನ್ನ ಬಳಿ ಉತ್ತರವಿತ್ತು, ಫೋನಿನಲ್ಲಿ ಹೇಳುವಷ್ಟು ಚಿಕ್ಕದಾಗಿರಲಿಲ್ಲ ಅಷ್ಟೆ. ಹಿಂದಿನ ಕಾಲದಲ್ಲಿ ಎಲ್ಲಿ ತಂಗಬೇಕೆಂಬುದನ್ನು ಪ್ರಯಾಣಿಕ ತೀರ್ಮಾನಿಸುತ್ತಿರಲಿಲ್ಲ, ಕುದುರೆ ತೀರ್ಮಾನಿಸುತ್ತಿತ್ತು. ಅದಕ್ಕೆ ಸುಸ್ತಾದ ಕಡೆ ಒಂದು ಲಾಯ, ಲಾಯದ ಪಕ್ಕ ಒಂದು ವಸತಿ, ಕುದುರೆಗೆ ಹುಲ್ಲು, ಸವಾರನಿಗೆ ಸೂಪು. ಫ್ರಾನ್ಸಿನ ಸಣ್ಣ ಊರುಗಳಲ್ಲಿ ಇವತ್ತಿಗೂ ಅಂಚೆಯ ಹೆಸರಿನ, ಬಿಳಿ ಕುದುರೆಯ ಹೆಸರಿನ ಹೋಟೆಲುಗಳು ಮತ್ತೆ ಮತ್ತೆ ಎದುರಾಗುವುದು ಆ ಕಾಲದ ಉಳಿಕೆ. ಕಾರಿಗೆ ಸುಸ್ತಾಗುವುದಿಲ್ಲ. ಜಗಳ ಶುರುವಾಗುವುದು ಅಲ್ಲಿಂದಲೇ. ಎಲ್ಲಿ ಬೇಕಾದರೂ ನಿಲ್ಲಬಹುದು ಅಂದ ಕೂಡಲೇ ಪ್ರತಿಯೊಬ್ಬರಿಗೂ ಒಂದೊಂದು ಅಭಿಪ್ರಾಯ ಹುಟ್ಟುತ್ತದೆ.

ಪ್ರವಾಸದ ರಾತ್ರಿಗಳನ್ನು ಊರುಗಳಿಗೆ ಹಂಚುವುದು ಮದುವೆಮನೆಯಲ್ಲಿ ನೆಂಟರಿಗೆ ಕೋಣೆ ಹಂಚಿದ ಹಾಗೆ. ಎಷ್ಟು ನ್ಯಾಯವಾಗಿ ಹಂಚಿದರೂ ಬೆಳಿಗ್ಗೆ ಒಬ್ಬರ ಮುಖ ಊದಿಕೊಂಡಿರುತ್ತದೆ. ನನ್ನ ಹೆಂಡತಿಯ ಷರತ್ತುಗಳು ಮೂರು: ಹೋಟೆಲಿಗೆ ಲಿಫ್ಟ್ ಇರಬೇಕು, ಕಿಟಕಿ ಚರ್ಚಿನ ಗಂಟೆಗೋಪುರಕ್ಕೆ ಮುಖ ಮಾಡಿರಬಾರದು, ತಟ್ಟೆಯಲ್ಲಿ ಹಂದಿ ಇಣುಕಬಾರದು. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಕೇಳುವುದು ದುರಾಸೆ. ಅಲ್ಲಿರುವುದು ಸುರುಳಿ ಮೆಟ್ಟಿಲು. ಮೇಲೆ ಹೋಗುತ್ತಿರುವುದು ಚಟ್ನಿಪುಡಿ ತುಂಬಿದ ಸೂಟ್‌ಕೇಸು. ಅದರ ಕೆಳಗೆ ನಾನು. ಗಂಟೆಯ ಷರತ್ತಿಗೆ ಮಾತ್ರ ನನ್ನ ಪೂರ್ಣ ಬೆಂಬಲ. ಎಷ್ಟೋ ಹಳ್ಳಿಗಳಲ್ಲಿ ಚರ್ಚಿನ ಗಂಟೆ ಒಮ್ಮೆ ಹೊಡೆದು, ಒಂದೆರಡು ನಿಮಿಷ ಬಿಟ್ಟು, ಅದೇ ಲೆಕ್ಕವನ್ನು ಇನ್ನೊಮ್ಮೆ ಒಪ್ಪಿಸುತ್ತದೆ. ಮೊದಲ ಸಲ ಎಣಿಕೆ ತಪ್ಪಿದವರು ಎರಡನೆಯ ಸಲ ಸರಿಪಡಿಸಿಕೊಳ್ಳಲಿ ಎಂಬ ಉಪಕಾರ ಬುದ್ಧಿ. ನಡುರಾತ್ರಿ ಒಟ್ಟು ಇಪ್ಪತ್ತನಾಲ್ಕು ಪೆಟ್ಟು. ಹಂದಿಯ ವಿಷಯ ದೊಡ್ಡದು, ಮುಂದೆ ಬರುತ್ತದೆ.

ಭಾವಮೈದುನನದು ನಕ್ಷತ್ರದ ಲೆಕ್ಕ. ಅವನು ಮೊಟ್ಟೆಯನ್ನೂ ಮುಟ್ಟದವನು. ಆದರೂ ದಾರಿಯುದ್ದಕ್ಕೂ ಎಲ್ಲೆಲ್ಲಿ ಮಿಶೆಲಿನ್ ನಕ್ಷತ್ರಗಳಿವೆ ಎಂದು ನಕ್ಷೆಯ ಮೇಲೆ ಗುರುತು ಹಾಕಿಕೊಂಡು ಬಂದಿದ್ದ. ಈ ನಕ್ಷತ್ರಗಳು ಮೊದಲು ಮೂಡಿದ್ದು ಅಡುಗೆಮನೆಯಲ್ಲಲ್ಲ, ಟೈರಿನ ಕಾರ್ಖಾನೆಯಲ್ಲಿ. ಕ್ಲೆರ್ಮೊಂ-ಫೆರಾಂ ಊರಿನ ಮಿಶೆಲಿನ್ ಸಹೋದರರು 1900ರಲ್ಲಿ ಒಂದು ಕೈಪಿಡಿ ಅಚ್ಚು ಹಾಕಿಸಿ 35,000 ಪ್ರತಿಗಳನ್ನು ಪುಕ್ಕಟೆ ಹಂಚಿದರು. ಆಗ ಇಡೀ ದೇಶದಲ್ಲಿದ್ದ ಕಾರುಗಳೇ ಕೆಲವು ಸಾವಿರ. ಟೈರು ಬದಲಿಸುವುದು ಹೇಗೆ, ಪೆಟ್ರೋಲು ಎಲ್ಲಿ, ಮೆಕ್ಯಾನಿಕ್ ಎಲ್ಲಿ, ಮಲಗುವುದೆಲ್ಲಿ ಎಂಬುದೆಲ್ಲ ಅದರಲ್ಲಿತ್ತು. ಜನ ಹೆಚ್ಚು ಓಡಾಡಿದರೆ ಟೈರು ಹೆಚ್ಚು ಮಾರಾಟವಾಗುತ್ತದೆ ಎಂಬ ಸರಳ ವ್ಯಾಪಾರ. 1926ರಲ್ಲಿ ಒಳ್ಳೆಯ ಅಡುಗೆಗೆ ಒಂದು ನಕ್ಷತ್ರ ಕೊಡಲು ಶುರುಮಾಡಿದರು, 1930ರ ದಶಕದಲ್ಲಿ ಎರಡು, ಮೂರು ಬಂದವು. ಒಂದಾದರೆ ಊಟ ಚೆನ್ನಾಗಿದೆ. ಎರಡಾದರೆ ದಾರಿ ಬಿಟ್ಟು ಸುತ್ತಿ ಹೋಗಬಹುದು. ಮೂರಾದರೆ ಅದಕ್ಕೆಂದೇ ಮನೆಯಿಂದ ಹೊರಡಬಹುದು. ನಕ್ಷತ್ರ ಹೆಚ್ಚಿದಷ್ಟೂ ಟೈರು ಸವೆಯುತ್ತದೆ ಎಂಬುದನ್ನು ಭಾವಮೈದುನನಿಗೆ ತೋರಿಸಿಕೊಟ್ಟೆ. “ಟೈರು ಬಾಡಿಗೆ ಕಾರಿನದು ತಾನೆ?” ಅಂದ.

ಇನ್ನೊಂದು ಪಟ್ಟಿಯೂ ಇದೆ. ಫ್ರಾನ್ಸಿನ ಅತಿ ಸುಂದರ ಹಳ್ಳಿಗಳ ಸಂಘ ಅಂತ. ಕೆಂಪು ಕಲ್ಲಿನ ಕೊಲೊಂಜ್-ಲಾ-ರೂಜ್ ಎಂಬ ಹಳ್ಳಿಯ ಮೇಯರ್ ಶಾರ್ಲ್ ಸೆರಾಕ್ 1982ರಲ್ಲಿ ಅದನ್ನು ಹುಟ್ಟುಹಾಕಿದರು. ಜನಸಂಖ್ಯೆ 2,000 ಮೀರಿದ ಊರಿಗೆ ಅಲ್ಲಿ ಪ್ರವೇಶವಿಲ್ಲ. ಊರುಗಳೇನೋ ನಿಜವಾಗಿಯೂ ಸುಂದರ. ಆದರೆ ಅವು ಮಧ್ಯಾಹ್ನ ನೋಡುವ ಊರುಗಳು, ರಾತ್ರಿ ಕಳೆಯುವ ಊರುಗಳಲ್ಲ. ಐದು ಗಂಟೆಗೆ ಬಸ್ಸುಗಳು ಹೊರಟುಹೋದ ಮೇಲೆ ಕಲ್ಲು ಹಾಸಿದ ಬೀದಿಯಲ್ಲಿ ನೀವು ಮತ್ತು ಒಂದು ಬೆಕ್ಕು. ನನ್ನದೊಂದು ಸೂತ್ರವಿದೆ: ಲ್ಯಾವೆಂಡರ್ ಸಾಬೂನು ಮಾರುವ ಅಂಗಡಿ ನಾಲ್ಕಿದ್ದು ಈರುಳ್ಳಿ ಮಾರುವ ಅಂಗಡಿ ಒಂದೂ ಇಲ್ಲದ ಊರಿನಲ್ಲಿ ತಂಗಬಾರದು.

ಹಾಗಾದರೆ ಎಲ್ಲಿ? ನನ್ನ ವೋಟು ‘ಸು-ಪ್ರೆಫೆಕ್ತ್ಯೂರ್’ ಊರುಗಳಿಗೆ. ನಮ್ಮಲ್ಲಿ ಅಸಿಸ್ಟೆಂಟ್ ಕಮಿಷನರ್ ಕೂರುವ ಊರಿನ ದರ್ಜೆ ಅದು. ಕ್ರಾಂತಿಯಾದ ಮರುವರ್ಷ, 1790ರಲ್ಲಿ, ದೇಶವನ್ನು 83 ಜಿಲ್ಲೆಗಳಾಗಿ ಕೊಯ್ದರು. ಮೂಲೆಯ ಹಳ್ಳಿಯವನೂ ಕುದುರೆ ಏರಿ ಒಂದು ದಿನದಲ್ಲಿ ಜಿಲ್ಲಾ ಕೇಂದ್ರ ಮುಟ್ಟುವಂತಿರಬೇಕು ಎಂಬುದು ಆಗಿನ ಅಳತೆ ಎನ್ನುತ್ತಾರೆ. ಆ ಜಿಲ್ಲೆಗಳ ಒಳಗಿನ ಸಣ್ಣ ಕೇಂದ್ರಗಳಿಗೆ 1800ರಲ್ಲಿ ನೆಪೋಲಿಯನ್ ಒಬ್ಬೊಬ್ಬ ಉಪಾಧಿಕಾರಿಯನ್ನು ಕೂರಿಸಿದ. ಎಂದರೆ ಕುದುರೆಯ ಕಾಲಿಗೆ ತಕ್ಕಂತೆ ಊರುಗಳು ದೇಶದ ತುಂಬ ಆಗಲೇ ಹರಡಿಕೊಂಡಿವೆ. ನಾವು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಅಂಥ ಊರಿನಲ್ಲಿ ಕಚೇರಿಗಳಿರುತ್ತವೆ, ಆಸ್ಪತ್ರೆ ಇರುತ್ತದೆ, ಹೈಸ್ಕೂಲಿರುತ್ತದೆ. ಗುಮಾಸ್ತರು, ದಾದಿಯರು, ಮೇಷ್ಟ್ರುಗಳು ಮಧ್ಯಾಹ್ನ ಎಲ್ಲಾದರೂ ಉಣ್ಣಲೇಬೇಕು. ಹಾಗಾಗಿ ಊಟದ ಮನೆ ಇರುತ್ತದೆ. ಪ್ರವಾಸಿಗಳನ್ನು ನೆಚ್ಚಿಕೊಳ್ಳದ ಊಟದ ಮನೆಯಷ್ಟು ನೆಚ್ಚಬಹುದಾದದ್ದು ಬೇರೆ ಇಲ್ಲ.

ಈ ದೇಶವನ್ನು ಕುದುರೆಯ ಲೆಕ್ಕದಲ್ಲಿ ದಾಟಿದ ನಮ್ಮವರೂ ಇದ್ದಾರೆ. ಶ್ರೀರಂಗಪಟ್ಟಣದಿಂದ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳು 1787ರಲ್ಲಿ ಪುದುಚೇರಿಯಲ್ಲಿ ಹಡಗು ಹತ್ತಿ, 1788ರ ಜೂನ್‌ನಲ್ಲಿ ತುಲೋನ್ ಬಂದರಿನಲ್ಲಿ ಇಳಿದರು. ಅಲ್ಲಿಂದ ಪ್ಯಾರಿಸ್‌ಗೆ 800 ಕಿಲೋಮೀಟರಿಗೂ ಮಿಕ್ಕಿದ ದಾರಿ. ತಲಪಿದ್ದು ಜುಲೈ ನಡುವಿಗೆ. ಹದಿನಾರನೆಯ ಲೂಯಿ ವರ್ಸಾಯಿಯಲ್ಲಿ ದರ್ಶನ ಕೊಟ್ಟದ್ದು ಆಗಸ್ಟ್ 10ಕ್ಕೆ. ಕೇಳಿದ ಸೈನ್ಯ ಸಿಗಲಿಲ್ಲ. ಮರುವರ್ಷವೇ ಲೂಯಿಯ ಬುಡ ಅಲುಗಿತು. ಆದರೆ ನಿಲುವಂಗಿ, ಪೇಟ ತೊಟ್ಟ ಇವರನ್ನು ನೋಡಲು ಪ್ಯಾರಿಸ್ಸೇ ಮುಗಿಬಿತ್ತು. ರಾಣಿಯ ಚಿತ್ರಗಾರ್ತಿ ವಿಜೆ ಲ ಬ್ರುಂ ರಾಯಭಾರಿ ದರ್ವೇಶ್ ಖಾನನ ಆಳೆತ್ತರದ ಚಿತ್ರ ಬರೆದಳು. ಅವರ ಬಿಡಾರದಲ್ಲಿ ನೆಲದ ಮೇಲೆ ಕೂತು ಉಂಡ ಊಟವನ್ನು ನೆನಪಿನ ಪುಸ್ತಕದಲ್ಲಿ ಬರೆದಿಟ್ಟಳು. ಈ ಮೂವರೂ ದಾರಿಯಲ್ಲಿ ತಂಗುವ ಊರಿಗಾಗಿ ಜಗಳವಾಡಿದರೇ ಎಂಬುದು ನನ್ನ ಕುತೂಹಲ. ಮೂವರಿದ್ದರು ಅಂದ ಮೇಲೆ ಆಡಿರಲೇಬೇಕು.

ನಮ್ಮ ಮೊದಲ ರಾತ್ರಿ ಕ್ಲಾಮ್ಸಿಗೆ ಬಿತ್ತು. ಹೆಸರು ಕೇಳಿ ಭಾವಮೈದುನ ಮಿಶೆಲಿನ್ ಪುಸ್ತಕ ತೆರೆದ, ಮುಚ್ಚಿದ. ಯೋನ್ ನದಿಯ ದಂಡೆಯ ಈ ಊರು ಶತಮಾನಗಳ ಕಾಲ ಪ್ಯಾರಿಸ್ಸಿನ ಒಲೆ ಉರಿಸಿತು. ಮೋರ್ವಾಂ ಕಾಡಿನ ಸೌದೆ ಇಲ್ಲಿಂದ ತೆಪ್ಪವಾಗಿ ತೇಲಿ ರಾಜಧಾನಿ ಸೇರುತ್ತಿತ್ತು. ಕನ್ನಡದ ಓದುಗರಿಗೆ ಈ ಊರಿನ ಒಬ್ಬರು ಗೊತ್ತು. ರಾಮಕೃಷ್ಣ, ವಿವೇಕಾನಂದ, ಗಾಂಧಿ ಮೂವರ ಚರಿತ್ರೆಯನ್ನೂ ಬರೆದ ರೋಮಾ ರೋಲಾ ಹುಟ್ಟಿದ್ದು ಇಲ್ಲಿ, 1866ರಲ್ಲಿ. ವಿವೇಕಾನಂದರ ವಿಚಾರ ಬರೆದವನ ಊರು ಅಂದ ಕೂಡಲೇ ನನ್ನ ಹೆಂಡತಿ ಲಿಫ್ಟಿಲ್ಲದ ಹೋಟೆಲನ್ನು ಕ್ಷಮಿಸಿದಳು. ಹತ್ತಿರದ ವೆಜ್ಲೆಯಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆದು 1944ರಲ್ಲಿ ತೀರಿಕೊಂಡರು. ಗುಡ್ಡದ ನೆತ್ತಿಯಲ್ಲಿ ಮಗ್ದಲೇನಳ ದೊಡ್ಡ ಚರ್ಚು, ಅದಕ್ಕೆ ಏರುವ ಒಂದೇ ಬೀದಿ, ಐನೂರು ಜನವೂ ಇಲ್ಲದ ಊರು. ಅತಿ ಸುಂದರ ಹಳ್ಳಿಗಳ ಪಟ್ಟಿಯಲ್ಲಿದೆ. ಮಧ್ಯಾಹ್ನ ನೋಡಿ, ಸಂಜೆ ಕ್ಲಾಮ್ಸಿಗೆ ಮರಳಿದೆವು. ಸೂತ್ರ ಅಂದರೆ ಸೂತ್ರ.

ಊರು ಆರಿಸುವಾಗ ನಕ್ಷೆಯ ಪಕ್ಕದಲ್ಲಿ ಕ್ಯಾಲೆಂಡರ್ ಇಟ್ಟುಕೊಳ್ಳಬೇಕು. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಫ್ರಾನ್ಸಿನ ಹಳ್ಳಿಗಾಡಿಗೆ ಭಾನುವಾರ ಸಂಜೆ ಒಂದು ಬೀಗ, ಸೋಮವಾರ ಇನ್ನೊಂದು ಬೀಗ. ಉಳಿದ ದಿನಗಳಲ್ಲೂ ಮಧ್ಯಾಹ್ನದ ಅಡುಗೆ ಹನ್ನೆರಡರಿಂದ ಎರಡು; ಎರಡೂಕಾಲಕ್ಕೆ ಬಾಗಿಲು ತಳ್ಳಿದರೆ ನಿಮ್ಮನ್ನು ನೋಡುವ ನೋಟದಲ್ಲಿ ಕೋಪಕ್ಕಿಂತ ಕನಿಕರ ಜಾಸ್ತಿ. ಆಫೀಸಿನ ಮೇಜಿನ ಮೇಲೆ ಊಟ ಮಾಡಬಾರದೆಂದು ಕಾರ್ಮಿಕ ಕಾನೂನಿನಲ್ಲೇ ಬರೆದಿಟ್ಟ ದೇಶವಿದು. ಊಟವನ್ನು ಅಷ್ಟು ಗೌರವಿಸುವವರು ಹೊತ್ತು ಮೀರಿ ಬಂದವನನ್ನು ಗೌರವಿಸುವುದಿಲ್ಲ. ಒಂದು ಭಾನುವಾರ ಸಂಜೆ, ಹೆಸರು ಬೇಡದ ಒಂದು ಊರಿನಲ್ಲಿ, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ನಿಂತ ಯಂತ್ರವೊಂದು ನಮ್ಮನ್ನು ಕಾಪಾಡಿತು. ಹಣ ಹಾಕಿದರೆ ಮೂರ್ನಾಲ್ಕು ನಿಮಿಷದಲ್ಲಿ ಬಿಸಿ ಪಿಜ್ಜಾ ತಳ್ಳುವ ಯಂತ್ರ. ಬೇಕರಿ ಮುಚ್ಚಿಹೋದ ಹಳ್ಳಿಗಳಲ್ಲಿ ಬ್ರೆಡ್ಡು ಕೊಡುವ ಯಂತ್ರಗಳೂ ಇವೆ. ಮೂರು ಜನ ಕಾರಿನ ಬಾನೆಟ್ಟಿನ ಸುತ್ತ ನಿಂತು ತಿಂದೆವು, ಚಟ್ನಿಪುಡಿ ಉದುರಿಸಿಕೊಂಡು. ಭಾವಮೈದುನ ಅದಕ್ಕೆ ಒಂದು ನಕ್ಷತ್ರ ಕೊಟ್ಟ.

ಈಗ ಹಂದಿಯ ವಿಷಯ. ಫ್ರೆಂಚ್ ಅಡುಗೆಯಲ್ಲಿ ಲಾರ್ದೋಂ ಎಂಬ ಹಂದಿಮಾಂಸದ ಸಣ್ಣ ತುಂಡುಗಳಿವೆ. ಅವು ಒಂದು ಪದಾರ್ಥವಲ್ಲ, ಒಂದು ಅಭ್ಯಾಸ. ಸೊಪ್ಪಿನ ಸಲಾಡಿನಲ್ಲಿ, ಆಲೂಗಡ್ಡೆಯಲ್ಲಿ, ಆಮ್ಲೆಟ್ಟಿನಲ್ಲಿ ಎಲ್ಲೆಂದರಲ್ಲಿ ಅವಿತಿರುತ್ತವೆ. ‘ಮಾಂಸ ಬೇಡ’ ಅಂದರೆ ತಲೆಯಾಡಿಸಿ ಒಳಗೆ ಹೋಗುತ್ತಾರೆ. ಲಾರ್ದೋಂ ಹಾಕಿಕೊಂಡು ಬರುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಅದು ಒಗ್ಗರಣೆ. ‘ಸಾಂ ಲಾರ್ದೋಂ’ ಎಂದು ಹೆಸರು ಹಿಡಿದೇ ನಿರಾಕರಿಸಬೇಕು. ಸಸ್ಯಾಹಾರಿಗಳಿಗೆ ನಾನು ಕಂಡ ಅತ್ಯುತ್ತಮ ಜಾಗ ಲಾರಿ ಚಾಲಕರ ಊಟದ ಮನೆ. ನೀಲಿ-ಕೆಂಪು ಗುಂಡುಫಲಕದ ‘ರೂತಿಯೆ’ಗಳು 1934ರಿಂದ ಇವೆ. ಮುಖ್ಯ ಊಟಕ್ಕೆ ಮೊದಲು ಒಂದು ಉದ್ದ ಮೇಜಿನ ಮೇಲೆ ತುರಿದ ಕ್ಯಾರೆಟ್ಟು, ಬೀಟ್‌ರೂಟು, ಬೇಯಿಸಿದ ಕಾಳು, ಆಲೂಗಡ್ಡೆ, ಸೌತೆಕಾಯಿ, ಎಷ್ಟು ಬೇಕೋ ಅಷ್ಟು. ನಮ್ಮ ಕೋಸಂಬರಿ ಪಲ್ಯಗಳ ಸಾಲು ಅಲ್ಲಿಗೆ ಮುಗಿಯಿತು. ಮಾಂಸದ ತಟ್ಟೆ ಬರುವ ಹೊತ್ತಿಗೆ ನಾವು ಚೀಸಿಗೆ ದಾಟಿರುತ್ತಿದ್ದೆವು. ಹಳೆಯ ಪದ್ಧತಿಯ ಚೀಸಿಗೆ ಹೆಪ್ಪು ಹಾಕುವುದು ಕರುವಿನ ಹೊಟ್ಟೆಯ ರೆನೆಟ್‌ನಿಂದ. ಅದನ್ನು ನಾನು ಭಾವಮೈದುನನಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಕ್ಲಾಮ್ಸಿ ದಾಟಿದ ಮೇಲೆ ಅಂಬೇರ್‌ನ ದಾರಿ ಚಂದ. ಆ ಊರಿನ ಪುರಭವನ ಗುಂಡಗಿದೆ, ಮೂಲೆಯೇ ಇಲ್ಲ. ಫೂರ್ಮ್ ದಂಬೇರ್ ಎಂಬ ನೀಲಿ ಗೆರೆಯ ಚೀಸೂ ಗುಂಡಗಿದೆ. ಅಲ್ಲಿ ಹೋಟೆಲು ಬಿಟ್ಟು ಊರಾಚೆಯ ಒಂದು ಮನೆಯಲ್ಲಿ ಕೋಣೆ ಹಿಡಿದೆವು. ‘ಶಾಂಬ್ರ್ ದೋತ್’ ಎನ್ನುವ ಈ ಏರ್ಪಾಡಿಗೆ ಕಾನೂನಿನ ಚೌಕಟ್ಟಿದೆ: ಐದು ಕೋಣೆಗಿಂತ ಹೆಚ್ಚಿರಬಾರದು, ಹದಿನೈದು ಅತಿಥಿಗಳಿಗಿಂತ ಹೆಚ್ಚು ಕೂಡದು, ಊಟ ಹಾಕುವುದಾದರೆ ಮನೆಯವರ ಮೇಜಿನಲ್ಲೇ, ಎಲ್ಲರಿಗೂ ಒಂದೇ ಅಡುಗೆ. ಲಿಫ್ಟು ನಕ್ಷತ್ರಗಳೆರಡೂ ಇಲ್ಲಿ ಅಪ್ರಸ್ತುತ. ಮನೆಯ ಯಜಮಾನ್ತಿಗೆ ಇಂಗ್ಲಿಷ್ ಇಲ್ಲ, ನನ್ನ ಹೆಂಡತಿಗೆ ಫ್ರೆಂಚ್ ಇಲ್ಲ. ಇಬ್ಬರೂ ಎರಡು ಗಂಟೆ ಮಾತಾಡಿದರು. ಫ್ರೆಂಚ್ ತರಗತಿಗೆ ದುಡ್ಡು ಕೊಟ್ಟು ಹೋಗಿದ್ದ ನನಗೆ ಒಂದು ವಾಕ್ಯವೂ ಪೂರ್ತಿ ಸಿಗಲಿಲ್ಲ. ಕೊನೆಗೆ ತಿಳಿದದ್ದು, ಇಬ್ಬರ ಸೊಸೆಯಂದಿರೂ ಬೆಳಿಗ್ಗೆ ತಡವಾಗಿ ಏಳುತ್ತಾರೆ.

ಲ ಪ್ಯುಯಿಯಲ್ಲಿ ಊರೇ ನಮ್ಮನ್ನು ಆರಿಸಿತು, ಬೇಳೆಯ ಮೂಲಕ. ಜ್ವಾಲಾಮುಖಿಯ ಮಣ್ಣಿನಲ್ಲಿ ಬೆಳೆಯುವ ಅಲ್ಲಿಯ ಹಸಿರು ಮಸೂರಕ್ಕೆ 1996ರಲ್ಲಿ, ವೈನಿಗೆ ಕೊಡುವ ಹಾಗೆ, ಮೂಲದ ಮುದ್ರೆ ಸಿಕ್ಕಿತು. ಕಾಳಿಗೆ ಇಷ್ಟು ಮರ್ಯಾದೆ ಕೊಟ್ಟ ಊರನ್ನು ಬಿಟ್ಟು ಹೋಗುವುದುಂಟೇ ಎಂದು ಹೋದರೆ ಅದನ್ನೂ ಉಪ್ಪು ಹಾಕಿದ ಹಂದಿಯ ಜೊತೆಗೇ ಬೇಯಿಸುತ್ತಾರೆ! ಸಾಂ ಲಾರ್ದೋಂ, ಸಾಂ ಸೊಸಿಸ್, ಸಾಂ ಎಲ್ಲಾ ಎಂದು ಹೇಳಿ ಬರೀ ಕಾಳು ತರಿಸಿಕೊಂಡೆವು. ಚೆನ್ನಾಗಿತ್ತು, ಸ್ವಲ್ಪ ಹುಳಿ ಬೇಕಿತ್ತು ಎಂಬುದು ಹೆಂಡತಿಯ ತೀರ್ಪು. ಊರಿನ ನಡುವೆ ಸೂಜಿಯಂತೆ ಎದ್ದ ಬಂಡೆಯ ತುದಿಯಲ್ಲಿ ಹತ್ತನೆಯ ಶತಮಾನದ ಗುಡಿಯೊಂದಿದೆ, 268 ಮೆಟ್ಟಿಲು, ಲಿಫ್ಟಿಲ್ಲ. ಇನ್ನೊಂದು ಗುಡ್ಡದ ಮೇಲೆ, ಸೆವಾಸ್ತೊಪೋಲ್ ಯುದ್ಧದಲ್ಲಿ ವಶಪಡಿಸಿಕೊಂಡ 213 ತೋಪುಗಳನ್ನು ಕರಗಿಸಿ ಎರಕ ಹೊಯ್ದ ಮೇರಿಯ ಪ್ರತಿಮೆ. ಸ್ಪೇನಿನ ಸಾಂತಿಯಾಗೊಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ಯಾತ್ರಿಕರು ಇಲ್ಲಿಂದ ಹೊರಡುತ್ತಾರೆ. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರು, ಅದರ ಕೊನೆಗೆ ಸೇಂಟ್ ಪ್ರಿವಾ, ಮಾರನೆಯ ದಿನ ಸೋಗ್. ಯಾರೂ ಚರ್ಚೆ ಮಾಡುವುದಿಲ್ಲ. ಅವರಿಗೆ ಊರು ಆರಿಸಿಕೊಡುವುದು ಅಂಗಾಲಿನ ಗುಳ್ಳೆ.

ಇಲ್ಲಿಗೆ ಸಮೀಪದ ಲ ಮೊನಾಸ್ತಿಯೆ ಎಂಬ ಹಳ್ಳಿಯಿಂದ 1878ರ ಸೆಪ್ಟೆಂಬರಿನಲ್ಲಿ ಇನ್ನೊಬ್ಬ ಹೊರಟಿದ್ದ. ‘ಟ್ರೆಷರ್ ಐಲ್ಯಾಂಡ್’ ಬರೆದ ಸ್ಟೀವನ್‌ಸನ್, ಆಗಿನ್ನೂ ಅದನ್ನು ಬರೆದಿರಲಿಲ್ಲ. 65 ಫ್ರಾಂಕು ಮತ್ತು ಒಂದು ಲೋಟ ಬ್ರಾಂದಿ ಕೊಟ್ಟು ಮೊದೆಸ್ತೀನ್ ಎಂಬ ಹೆಣ್ಣುಕತ್ತೆ ಕೊಂಡ. ಎಲ್ಲಿ ಬೇಕಾದರೂ ಮಲಗಬಹುದೆಂದು ತುಪ್ಪಳದ ಒಳಪದರವಿರುವ ದೊಡ್ಡ ಚೀಲವೊಂದನ್ನು ಹೊಲಿಸಿಕೊಂಡ. ಯೋಜನೆ ಅವನದು, ವೇಗ ಕತ್ತೆಯದು. ಹನ್ನೆರಡು ದಿನ ನಡೆದು ಸೆವೆನ್ ಬೆಟ್ಟಗಳನ್ನು ದಾಟಿದ. ಒಂದು ರಾತ್ರಿ ಲೊಜೇರ್ ಬೆಟ್ಟದ ಪೈನ್ ಮರಗಳ ಕೆಳಗೆ ಬಯಲಲ್ಲೇ ಮಲಗಿ, ಬೆಳಿಗ್ಗೆ ಹೊರಡುವಾಗ ರಾತ್ರಿಯ ವಸತಿಗೆ ಬಾಡಿಗೆ ಎಂದು ಹುಲ್ಲಿನ ಮೇಲೆ ಚಿಲ್ಲರೆ ಕಾಸು ಬಿಟ್ಟು ಹೋದ. ಹೋಟೆಲ್ ಬಿಲ್ಲುಗಳ ಚರಿತ್ರೆಯಲ್ಲಿ ನನಗೆ ಇಷ್ಟವಾದ ಬಿಲ್ಲು ಅದೊಂದೇ. ಕೊನೆಯಲ್ಲಿ ಕತ್ತೆಯನ್ನು ಜೀನು ಸಮೇತ 35 ಫ್ರಾಂಕಿಗೆ ಮಾರಿದ. ಅವನು ಹಾದುಹೋದ ಫ್ಲೊರಾಕ್‌ನಲ್ಲಿ ನಾವೂ ತಂಗಿದೆವು. ದೇಶದಲ್ಲೇ ಅತಿ ಕಡಿಮೆ ಜನರಿರುವ ಲೊಜೇರ್ ಜಿಲ್ಲೆಯ ಸು-ಪ್ರೆಫೆಕ್ತ್ಯೂರ್. ಊರೊಳಗೇ ಹರಿಯುವ ಬುಗ್ಗೆಯ ನೀರು, ಬೆನ್ನಿಗೆ ಸುಣ್ಣಕಲ್ಲಿನ ಕಡಿಬಂಡೆ. ಅವನ ದಾರಿಯಲ್ಲಿ ಈಗ ಕತ್ತೆ ಬಾಡಿಗೆಗೆ ಸಿಗುತ್ತದೆ. ಭಾವಮೈದುನ ವಿಚಾರಿಸಿದ. ಡ್ರೈವಿಂಗಿಗೆಂದು ಬಂದವನು ಅವನೊಬ್ಬನೇ ಆದ್ದರಿಂದ ಬಿಡಲಿಲ್ಲ.

ಅಲ್ಲಿಂದ ಸ್ವಲ್ಪ ಸುತ್ತಿ ಮಿಯೊ ಸೇತುವೆ ನೋಡಿದೆವು. ತಾರ್ನ್ ನದಿಯ ಕಣಿವೆಯ ಮೇಲೆ ಎರಡೂವರೆ ಕಿಲೋಮೀಟರ್ ಉದ್ದ, ಎತ್ತರದ ಕಂಬದ ತುದಿ 343 ಮೀಟರ್. 2004ರ ಡಿಸೆಂಬರ್‌ವರೆಗೆ ಈ ದಾರಿಯಲ್ಲಿ ದಕ್ಷಿಣಕ್ಕೆ ಹೋಗುವವರೆಲ್ಲ ಕೆಳಗಿನ ಮಿಯೊ ಊರಿನೊಳಗೆ ತೆವಳಬೇಕಿತ್ತು. ಬೇಸಿಗೆ ರಜೆಯಲ್ಲಿ ಅಲ್ಲಿನ ವಾಹನಸಾಲು ದೇಶಕ್ಕೇ ಪ್ರಸಿದ್ಧವಾಗಿತ್ತು. ಈಗ ಊರು ಕಾರಿನ ಕಿಟಕಿಯಿಂದ ಕಾಣುವ ಒಂದು ಹಿಡಿ ಹೆಂಚು. ಸೇತುವೆ ಅದ್ಭುತವೇ. ಆದರೂ ಟೋಲ್ ಕೊಟ್ಟು ದಾಟುವಾಗ, ಬಲವಂತವಾಗಿ ನಿಲ್ಲಿಸುತ್ತಿದ್ದ ಕೊನೆಯ ಕುದುರೆಯನ್ನೂ ಎಂಜಿನಿಯರುಗಳು ಕೊಂದರಲ್ಲ ಅನಿಸಿತು.

ಮೊಂಪೆಲಿಯೆಯಲ್ಲಿ ಮಗಳು ವಾಚು ನೋಡಿಕೊಂಡೇ ಬರಮಾಡಿಕೊಂಡಳು. ಹಾಸನದ ರಾಜಾರಾಯರು 1929ರಲ್ಲಿ ಓದಲು ಬಂದದ್ದು ಇದೇ ಊರಿನ ವಿಶ್ವವಿದ್ಯಾಲಯಕ್ಕೆ. ‘ಜಯ ಕರ್ನಾಟಕ’ಕ್ಕೆ ಕನ್ನಡದಲ್ಲಿ ಬರೆದರು, ಇಲ್ಲಿಯ ಅಧ್ಯಾಪಕಿಯನ್ನು ಮದುವೆಯಾದರು, ‘ಕಾಂತಾಪುರ’ದ ಹಳ್ಳಿಯನ್ನು ಫ್ರಾನ್ಸಿನಲ್ಲಿ ಕೂತು ಕಟ್ಟಿದರು. ಇದನ್ನೆಲ್ಲ ಹೇಳಿದರೆ ಮಗಳು, “ಅವರು ರೈಲಿನಲ್ಲಿ ಬಂದಿರ್ತಾರೆ ಬಿಡಪ್ಪ” ಅಂದಳು.

ನೀವು ಹೋಗುವುದಾದರೆ ಜೂನ್ ಇಲ್ಲವೇ ಸೆಪ್ಟೆಂಬರ್ ಒಳ್ಳೆಯದು. ಆಗಸ್ಟ್ ಮೊದಲ ವಾರದ ಶನಿವಾರ ಮಾತ್ರ ರಸ್ತೆಗಿಳಿಯಬೇಡಿ. 1976ರಿಂದ ರಸ್ತೆಯ ಪಂಚಾಂಗ ಹೇಳುತ್ತಿರುವ ಸರ್ಕಾರಿ ಸೇವೆ ‘ಬಿಜೋಂ ಫ್ಯುತೆ’ ಅಂಥ ದಿನಗಳಿಗೆ ಕಪ್ಪು ಬಣ್ಣ ಬಳಿದಿರುತ್ತದೆ. ದಿನಕ್ಕೆ ಇನ್ನೂರು ಕಿಲೋಮೀಟರು ಸಾಕು. ಕೋಣೆ ಎಲ್ಲಾದರೂ ಸಿಗುತ್ತದೆ, ಊಟ ಸಿಗುವುದಿಲ್ಲ. ಆದ್ದರಿಂದ ಭಾನುವಾರ ಮತ್ತು ಸೋಮವಾರದ ರಾತ್ರಿಗಳಿಗೆ ಮೊದಲು ಊಟದ ಮನೆಗೆ ಫೋನ್ ಮಾಡಿ, ಆಮೇಲೆ ಹೋಟೆಲಿಗೆ.